ನನ್ನ ಬೆನ್ನಿಗೆ ಗಿಲಾವು ಮಾಡುವವರು ಯಾರು?

(ಡೊಂಬಿವಲಿ ಪೂರ್ವದ ಎರಡು ಹೌಸಿಂಗ್ ಸೊಸೈಟಿಗಳ ನಡುವಿನ ಕಾಂಪೌಂಡ್ ಗೋಡೆ ಮಾತಿಗೆ ಒಪ್ಪಿತು. ಷರತ್ತು ಒಂದೇ: ಸಂದರ್ಶಕರು ಯಾವ ಬದಿ ನಿಂತು ಪ್ರಶ್ನೆ ಕೇಳುತ್ತಾರೋ ಆ ಬದಿಯ ಕಾರ್ಯದರ್ಶಿಯ ಲಿಖಿತ ಅನುಮತಿ ತರಬೇಕು.)

ಗೋಡೆಯವರೇ, ಪಕ್ಕದ ಜಾಗದಲ್ಲಿ ಸಾರವೆ ಕಟ್ಟಿ ನಮ್ಮ ಕಟ್ಟಡ ರಿಪೇರಿ ಮಾಡಿಸಿಕೊಳ್ಳುವ ಹಕ್ಕು ನಮಗಿಲ್ಲವೇ?

ಹಕ್ಕಿಲ್ಲ, ಅಪ್ಪಣೆ ಸಿಗಬಹುದು. 1882ರ ಈಸ್‌ಮೆಂಟ್ (ಪರರ ನೆಲ ಬಳಸುವ ಹಕ್ಕಿನ) ಕಾಯ್ದೆ ಕನ್ನಡಿಗರಾದ ನಿಮ್ಮ ಕೊಡಗಿನಲ್ಲಿ ಮೊದಲೇ ಜಾರಿಯಲ್ಲಿತ್ತು. ಮುಂಬಯಿ ಪ್ರಾಂತ್ಯಕ್ಕೆ ಬಂದದ್ದು 1891ರಲ್ಲಿ. ಅದರ ಪ್ರಕಾರ ಇಂಥ ಅಪ್ಪಣೆ ಬರೀ ಲೈಸೆನ್ಸು. ಸಾಮಾನ್ಯವಾಗಿ ಕೊಟ್ಟವರೇ ಹಿಂದಕ್ಕೆ ಪಡೆಯಬಹುದು. 13ನೇ ಕಲಮಿನಲ್ಲಿ ಅಗತ್ಯದ ಹಕ್ಕು ಇದೆಯಲ್ಲ ಎನ್ನುವಿರಿ. ಅದು ಒಬ್ಬರದೇ ಆಸ್ತಿ ಹೋಳಾದಾಗ ಹುಟ್ಟುವಂಥದ್ದು, ಅದೂ ಬೇರೆ ದಾರಿಯೇ ಇಲ್ಲದಿದ್ದರೆ. ಬಳಕೆಯಿಂದಲೇ ಹಕ್ಕು ಬರಬೇಕಾದರೆ 15ನೇ ಕಲಮು 20 ವರ್ಷ ಎಡೆಬಿಡದೆ ಬಳಸಿರಬೇಕು ಎನ್ನುತ್ತದೆ. ಅಷ್ಟು ಕಾಲ ಸಾರವೆ ಬಿಚ್ಚದ ಕಟ್ಟಡ ಯಾವುದು? (ನಮ್ಮೂರ ಕಂತ್ರಾಟುದಾರರ ಮೇಲೆ ಭರವಸೆಯಿಟ್ಟರೆ ಅದೂ ಸಾಧ್ಯ.) 24ನೇ ಕಲಮು ಮಾತ್ರ ಸ್ವಲ್ಪ ಉದಾರಿ. ಪಕ್ಕದ ನೆಲದಲ್ಲಿ ಪೈಪು ಹಾಕುವ ಹಕ್ಕು ಮೊದಲೇ ಇದ್ದರೆ, ಒಳಹೊಕ್ಕು ಅಗೆದು ದುರಸ್ತಿ ಮಾಡಿ, ನೆಲವನ್ನು ಮೊದಲಿನಂತೆ ಮುಚ್ಚಿಕೊಡಬಹುದು. ಪೈಪಿಗಿರುವ ಈ ಭಾಗ್ಯ ಗೋಡೆಗಿಲ್ಲ.

ಇದಕ್ಕೂ ಕಾನೂನು ಬೇಕೇ? ನೆರೆಯವರು ತಾನೇ, ಕೇಳಿದರೆ ಕೊಡುವುದಿಲ್ಲವೇ?

ಕೊಡುವವರು ಕೊಡುತ್ತಾರೆ, ಅವರಿಗಾಗಿ ಯಾರೂ ಕಾನೂನು ಕೇಳುತ್ತಿಲ್ಲ. ಮೂರು ವರ್ಷದ ಹಿಂದೆ ಪಾರ್ಕಿಂಗಿಗೆ ಜಗಳವಾಡಿದ ಕಮಿಟಿ ಇಂದು ಅಧಿಕಾರದಲ್ಲಿದ್ದರೆ ಏನು ಮಾಡುತ್ತೀರಿ? ಇಲ್ಲಿನ ಮಹಾನಗರಪಾಲಿಕೆ ಕಾಯ್ದೆ 30 ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್ ಮಾಡಿಸು, ಇಂಜಿನಿಯರು ಹೇಳಿದ ರಿಪೇರಿ ಮುಗಿಸು ಎಂದು ಆಜ್ಞೆ ಮಾಡುತ್ತದೆ. ರಿಪೇರಿಯವನು ಎಲ್ಲಿ ನಿಲ್ಲಬೇಕೆಂಬುದನ್ನು ಮಾತ್ರ ಹೇಳುವುದಿಲ್ಲ. 2015ರ ಜುಲೈ ಕೊನೆಯಲ್ಲಿ ಠಾಕುರ್ಲಿಯ ಮಾತೃಛಾಯಾ ಕಟ್ಟಡ ಕುಸಿಯಿತು. ಒಂದೇ ವಾರದಲ್ಲಿ ಠಾಣೆಯ ನೌಪಾಡಾದಲ್ಲಿ ಕೃಷ್ಣ ನಿವಾಸ. ಅವನ್ನು ಬೀಳಿಸಿದ್ದು ನೆರೆಯವರ ಹಠ ಎಂದು ನಾನು ಹೇಳುತ್ತಿಲ್ಲ. ಹಳೆಯ ಕಟ್ಟಡ ಕಮಿಟಿಗಳ ಮುನಿಸು ಇಳಿಯುವವರೆಗೆ ಕಾಯುವುದಿಲ್ಲ ಎಂಬುದಷ್ಟೇ ನನ್ನ ವಾದ. ಒಂದೇ ಸೊಸೈಟಿಯ ಒಳಗಾದರೆ ಈ ತೊಡಕು ಬಗೆಹರಿದಿದೆ. ಮಾದರಿ ಉಪವಿಧಿಗಳ ಪ್ರಕಾರ ಮುನ್ಸೂಚನೆ ಕೊಟ್ಟು ಕಾರ್ಯದರ್ಶಿ, ಕಮಿಟಿಯ ಒಬ್ಬ ಸದಸ್ಯರೊಂದಿಗೆ ನಿಮ್ಮ ಫ್ಲ್ಯಾಟಿನೊಳಗೇ ಬಂದು ರಿಪೇರಿ ಬೇಕೇ ಎಂದು ನೋಡಬಹುದು. ನಿಮ್ಮ ಅಡುಗೆಮನೆಗೆ ಬರಲು ದಾರಿಯಿದೆ, ನನ್ನ ಆಚೆಗಿನ ಖಾಲಿ ಜಾಗಕ್ಕೆ ಇಲ್ಲ!

ಹಕ್ಕೆಂದು ಕೊಟ್ಟುಬಿಟ್ಟರೆ ಬಿಲ್ಡರುಗಳು ನುಗ್ಗುವುದಿಲ್ಲವೇ? ಆಸ್ತಿಗೆ ಬೆಲೆ ಏನುಳಿಯಿತು?

ಈ ಆಕ್ಷೇಪ ಸುಳ್ಳಲ್ಲ. ರೀಡೆವಲಪ್‌ಮೆಂಟಿನ ಈ ಕಾಲದಲ್ಲಿ ಬೆರಳು ಕೊಟ್ಟರೆ ಹಸ್ತ ನುಂಗುವವರಿದ್ದಾರೆ. ಹಾಗಾಗಿ ಹಕ್ಕು ಇದ್ದುದನ್ನು ಉಳಿಸಿಕೊಳ್ಳುವುದಕ್ಕಿರಲಿ, ಹೊಸ ಅಂತಸ್ತು ಏರಿಸುವುದಕ್ಕೆ ಬೇಡ. ಇಂಗ್ಲೆಂಡಿನ 1992ರ ಕಾಯ್ದೆ ಹೆಚ್ಚುಕಡಿಮೆ ಇದನ್ನೇ ಮಾಡಿದೆ: ಕಟ್ಟಡ ಉಳಿಸಿಕೊಳ್ಳುವ ಕೆಲಸಕ್ಕೆ ನೆರೆಯವರು ಒಪ್ಪದಿದ್ದರೆ ಕೋರ್ಟು ಪ್ರವೇಶ ಕೊಡಿಸುತ್ತದೆ, ಷರತ್ತು, ಪರಿಹಾರ ವಿಧಿಸುತ್ತದೆ, ನೆರೆಯವರಿಗೆ ಅತಿಯಾದ ತೊಂದರೆಯಾಗುವಂತಿದ್ದರೆ ನಿರಾಕರಿಸುತ್ತದೆ. 1996ರ ಇನ್ನೊಂದು ಕಾಯ್ದೆ ನನ್ನಂಥ ನಡುಗೋಡೆಗಳದು. ಅಲ್ಲಿ ತುರ್ತಿಲ್ಲದ ಕೆಲಸಕ್ಕೆ ಆಚೆ ಕಾಲಿಡುವ ಮೊದಲು 14 ದಿನದ ನೋಟಿಸು ಕೊಡಬೇಕು. ಒಂದು ಕಾಲಕ್ಕೆ ಕಾಯ್ದೆಗಳನ್ನು ಹಡಗಿನಲ್ಲಿ ಕಳಿಸುತ್ತಿದ್ದ ದೇಶ, ಬೇಕಾದದ್ದನ್ನು ತಾನು ತಡವಾಗಿ ಬರೆದುಕೊಂಡಿತು. ನಾವಿನ್ನೂ 1882ರಲ್ಲೇ ಇದ್ದೇವೆ. ನವಿ ಮುಂಬಯಿಯಲ್ಲಾದರೆ ಶಾಸನಸಭೆಗೂ ಕಾಯಬೇಕಿಲ್ಲ. ಅಲ್ಲಿ ಸರಕಾರಿ ಸಂಸ್ಥೆ ಸಿಡ್ಕೊ ನೆಲವನ್ನು ದೀರ್ಘಕಾಲದ ಗುತ್ತಿಗೆಗೆ ಕೊಡುತ್ತದೆ. ಹೊಸ ಗುತ್ತಿಗೆಪತ್ರಗಳಲ್ಲಿ ಈ ಪ್ರವೇಶದ ಒಂದು ಷರತ್ತು ಸೇರಿಸಿದರಾಯಿತು. ಬೆಲೆಯ ಮಾತೆಂದಿರಿ: ಬದಿಯ ಗಿಲಾವು ಕಿತ್ತು ಕಬ್ಬಿಣ ಕಾಣುವ ಕಟ್ಟಡದ ನೆರೆಯಲ್ಲಿರುವ ಫ್ಲ್ಯಾಟಿಗೆ ಎಷ್ಟು ಬೆಲೆ ಬರುತ್ತದೆ, ಸ್ಟೇಷನ್ ರಸ್ತೆಯ ಯಾವ ಏಜೆಂಟರನ್ನಾದರೂ ಕೇಳಿ.

ನಿಮ್ಮ ಸ್ವಂತ ಬೇಡಿಕೆ?

ನನ್ನ ಪೂರ್ವದ ಮೈಗೆ ಗಿಲಾವಾಗಿದೆ. ಪಶ್ಚಿಮದ ಮೈಗೆ ಆಗಬೇಕಾದರೆ ಮೇಸ್ತ್ರಿ ಆಚೆ ನಿಲ್ಲಬೇಕು. ಜಾಗ ಅಳೆಯುವಾಗ ಎರಡೂ ಸೊಸೈಟಿಗಳಿಗೆ ನಾನು ತಮ್ಮವನೇ. ಬಿಲ್ಲು ಬಂದಾಗ ಪಕ್ಕದವರವನು. ಠೇವಣಿ ಎಷ್ಟು, ಗಿಡ ಮುರಿದರೆ ಯಾರು ತೆರಬೇಕು, ಸಾರವೆ ಎಷ್ಟು ದಿನದಲ್ಲಿ ಬಿಚ್ಚಬೇಕು ಎಂದು ಮೊದಲೇ ಬರೆದಿಡಿ. ಕೆಲಸ ಎರಡು ದಿನದ್ದು.