ಇಂಧನೋದರ ಮೀಮಾಂಸೆ

ವಿಷಯ ಪ್ರವೇಶ

ಜಗತ್ತು ಸತ್ಯವೋ ಮಿಥ್ಯೆಯೋ ಎಂಬ ಚರ್ಚೆಗೆ ನಮ್ಮ ಹಿರಿಯರು ಸಾವಿರಾರು ವರ್ಷ ಕೊಟ್ಟಿದ್ದಾರೆ. ಅಮೆರಿಕದ ಹಳೆಯ ಪಿಕಪ್ ಟ್ರಕ್ಕಿನ ಟ್ಯಾಂಕು ನಿಜಕ್ಕೂ ಎಷ್ಟು ಪೆಟ್ರೋಲು ಹಿಡಿಯುತ್ತದೆ ಎಂಬ ಪ್ರಶ್ನೆಯನ್ನು ಮಾತ್ರ ಒಬ್ಬ ಆಚಾರ್ಯರೂ ಮುಟ್ಟಿಲ್ಲ. ಈ ಕೊರತೆ ನೀಗುವ ಹೊಣೆ ಕಳೆದ ಬೇಸಿಗೆಯಲ್ಲಿ ನನ್ನ ಹೆಗಲಿಗೆ ಬಿತ್ತು. ಮಿಷಿಗನ್ನಿನಲ್ಲಿರುವ ನನ್ನ ಷಡ್ಡಕ 1970ರ ದಶಕದ ಒಂದು ಪಿಕಪ್ ಕೊಂಡಿದ್ದ. ಯಾವ ಕಂಪನಿಯದೆಂದು ಹೇಳಲಾರೆ. ಹಿಂದಿನ ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲವಲ್ಲ, ಅದೇ ಮರ್ಯಾದೆ. "ಟ್ಯಾಂಕ್ ಎಷ್ಟು ಹಿಡಿಯುತ್ತೋ?" ಎಂದು ಮಾತಿಗೆ ಕೇಳಿದೆ. ಅವನು ಒಂದು ಸಂಖ್ಯೆ ಹೇಳಿದ, ತಡೆದು ಇನ್ನೊಂದು ಹೇಳಿದ, ಆಮೇಲೆ ಕಾಫಿ ತರುತ್ತೇನೆಂದು ಎದ್ದುಹೋದ. ಶಾಸ್ತ್ರಗಳು ಹುಟ್ಟುವುದೇ ಇಂಥ ಕಡೆ.

ಜ್ಞಾನಕ್ಕೆ ಆರು ಪ್ರಮಾಣಗಳೆಂದು ಭಾಟ್ಟ ಮೀಮಾಂಸಕರ ಮತ. ಟ್ಯಾಂಕಿನ ಮುಚ್ಚಳ ತಿರುಗಿಸಿ ಒಂದೊಂದನ್ನೂ ಒಳಗಿಳಿಸಿ ನೋಡೋಣ.

1. ಶಬ್ದ

ಶಬ್ದವೆಂದರೆ ಆಪ್ತವಾಕ್ಯ. ಇಲ್ಲಿ ಮ್ಯಾನ್ಯುಯಲ್. ಗ್ಲೋವ್ ಬಾಕ್ಸಿನಲ್ಲಿ ಎಣ್ಣೆ ಕುಡಿದು ಹಪ್ಪಳದಂತಾಗಿದ್ದ ಆ ಗ್ರಂಥದಲ್ಲಿ 16.6 ಗ್ಯಾಲನ್ ಎಂದಿತ್ತು. ಮಾರಿದವನ ಬಾಯಿಮಾತು 20. ಶ್ರುತಿಗೂ ಸ್ಮೃತಿಗೂ ವಿರೋಧ ಬಂದರೆ ಶ್ರುತಿಯೇ ಮೇಲು, ನಿಜ. ಆದರೆ ಗ್ಯಾಲನ್ ಎಂದರೇನು?

ಅಮೆರಿಕದ ಗ್ಯಾಲನ್ 231 ಘನ ಅಂಗುಲ, ನಮ್ಮ ಲೆಕ್ಕದಲ್ಲಿ 3.785 ಲೀಟರು. ಇದು ಇಂಗ್ಲೆಂಡಿನ ರಾಣಿ ಆ್ಯನ್ ಕಾಲದಲ್ಲಿ, 1707ರಲ್ಲಿ, ವೈನ್ ಅಳೆಯಲು ಗೊತ್ತುಮಾಡಿದ ಅಳತೆ. ಬ್ರಿಟಿಷರು 1824ರಲ್ಲಿ ಅದನ್ನು ಕೈಬಿಟ್ಟು ಹತ್ತು ಪೌಂಡು ನೀರು ಹಿಡಿಯುವ ಇಂಪೀರಿಯಲ್ ಗ್ಯಾಲನ್ ತಂದರು; ಅದು 4.546 ಲೀಟರು. ಅಮೆರಿಕನ್ನರು ರಾಜನನ್ನು ಒದ್ದೋಡಿಸಿದರು, ರಾಣಿಯ ಹೆಂಡದ ಅಳತೆಯನ್ನು ಮಾತ್ರ ಉಳಿಸಿಕೊಂಡರು. ಇವತ್ತಿಗೂ ಅಲ್ಲಿ ಪೆಟ್ರೋಲು ಸುರಿಯುವುದು ಅದೇ ಅಳತೆಯಲ್ಲಿ. ಷಡ್ಡಕನ ಟ್ರಕ್ಕು ಡೆಟ್ರಾಯಿಟ್ ನದಿಯಾಚೆಯ ಕೆನಡಾದಿಂದ ಬಂದದ್ದು. ಅದು ಹುಟ್ಟಿದಾಗ ಆ ದೇಶ ಇಂಪೀರಿಯಲ್ ಸಂಪ್ರದಾಯದ್ದು. ಅಲ್ಲಿನ 16.6 ನದಿ ದಾಟಿದ ಕೂಡಲೇ ಹೆಚ್ಚುಕಡಿಮೆ 20. ಕಚ್ಚಾ ಸೇರು, ಪಕ್ಕಾ ಸೇರು ನೋಡಿ ಬೆಳೆದ ನಮಗೆ ಇದೇನೂ ಹೊಸದಲ್ಲ. ಸಮಸ್ಯೆ ಇಲ್ಲಿಗೇ ಬಗೆಹರಿಯಿತಲ್ಲ ಎಂದು ಪಾಮರರು ಕೇಳಬಹುದು. ವಿದ್ವಾಂಸರು ಇಷ್ಟಕ್ಕೆಲ್ಲ ನಿಲ್ಲುವುದಿಲ್ಲ.

2. ಉಪಮಾನ

ಕಾಡಿನಲ್ಲಿ ಗವಯವೆಂಬ ಪ್ರಾಣಿ ಕಂಡು, ಮನೆಯ ಹಸು ಇದರಂತಿದೆ ಎಂದು ತಿಳಿಯುವುದು ಉಪಮಾನ. ಇಂಥದೇ ಬೇರೆ ಟ್ರಕ್ಕು ನೋಡಿದರಾಯಿತು. 1973ರಿಂದ 1987ರವರೆಗಿನ ಷೆವ್ರೊಲೆ ಪಿಕಪ್‌ಗಳಲ್ಲಿ ಗಿಡ್ಡ ಬೆಡ್‌ನವಕ್ಕೆ 16 ಗ್ಯಾಲನ್ನಿನ ಟ್ಯಾಂಕು, ಉದ್ದ ಬೆಡ್‌ನವಕ್ಕೆ 20. ಬೇಕೆಂದವರಿಗೆ ಇನ್ನೊಂದು ಪಕ್ಕದಲ್ಲೂ ಒಂದು. 1972ರವರೆಗಿನವುಗಳಲ್ಲಿ ಟ್ಯಾಂಕು ಇದ್ದದ್ದು ಕ್ಯಾಬಿನ್ನಿನೊಳಗೆ, ಸೀಟಿನ ಬೆನ್ನಿಗೆ. ತಿರುವಿನಲ್ಲಿ ಡ್ರೈವರನ ಸೊಂಟದ ಹಿಂದೆ ಗುಳುಗುಳು. ಗವಯ ಹುಡುಕಲು ಹೋದವನಿಗೆ ಒಂದರ ಹೊಟ್ಟೆ ಬಲಕ್ಕೆ, ಇನ್ನೊಂದರದು ಎರಡೂ ಪಕ್ಕಕ್ಕೆ, ಮತ್ತೊಂದರದು ಬೆನ್ನಿಗೆ ಕಂಡರೆ ಏನು ತಿಳಿದೀತು?

3. ಪ್ರತ್ಯಕ್ಷ

ಕಣ್ಣಾರೆ ನೋಡುವುದು. ಇದರ ಆದಿಪುರುಷರು ಫೋರ್ಡ್ ಮಾಡೆಲ್ ಟಿ ಓಡಿಸಿದವರು. 1925ರಲ್ಲಿ ಫೋರ್ಡ್ ಕಾರ್ಖಾನೆಯಿಂದಲೇ ಪಿಕಪ್ ಬಾಡಿ ಹೊತ್ತು ಬಂದ ಆ ಗಾಡಿಗೆ ಪೆಟ್ರೋಲು ತೋರಿಸುವ ಮುಳ್ಳೇ ಇರಲಿಲ್ಲ. ಟ್ಯಾಂಕು ಸೀಟಿನಡಿ. ಪಕ್ಕದಲ್ಲಿ ಕೂತವರನ್ನು ಇಳಿಸಿ, ಮೆತ್ತೆ ಎತ್ತಿ, ಮುಚ್ಚಳ ಬಿಚ್ಚಿ, ಮರದ ಕಡ್ಡಿ ಅದ್ದಿ, ಒದ್ದೆಯಾದಷ್ಟು ಭಾಗ ಆರುವುದರೊಳಗೆ ಓದಬೇಕು. ಪೆಟ್ರೋಲು ತಾನಾಗಿ ಇಳಿದು ಎಂಜಿನ್ನಿಗೆ ಹರಿಯುವ ಏರ್ಪಾಟು. ಪೆಟ್ರೋಲು ತಳ ಮುಟ್ಟಿದ್ದರೆ ಕಡಿದಾದ ಏರಿನಲ್ಲಿ ಎಂಜಿನ್ ಬಾಯಾರಿ ನಿಲ್ಲುತ್ತಿತ್ತು. ಆಗ ಗಾಡಿಯನ್ನು ತಿರುಗಿಸಿ ರಿವರ್ಸಿನಲ್ಲಿ ಗುಡ್ಡ ಹತ್ತಿಸುತ್ತಿದ್ದರು.

ಕಡ್ಡಿಯೂ ಪೂರ್ತಿ ಸತ್ಯ ಹೇಳುವುದಿಲ್ಲ. ಮಲಗಿಸಿದ ಉರುಳೆಯಾಕಾರದ ಟ್ಯಾಂಕಿನಲ್ಲಿ ಕಾಲು ಭಾಗ ಎತ್ತರಕ್ಕೆ ಎಣ್ಣೆ ಇದ್ದರೆ, ಒಳಗಿರುವುದು ಕಾಲಲ್ಲ, ನೂರಕ್ಕೆ ಹತ್ತೊಂಬತ್ತೂವರೆ ಮಾತ್ರ. ಕಡ್ಡಿಯನ್ನು ನಂಬದ ಮಹಾನುಭಾವರಲ್ಲಿ ಖಗೋಳಜ್ಞ ಕೆಪ್ಲರ್ ಒಬ್ಬರು. 1613ರಲ್ಲಿ ತಮ್ಮ ಮದುವೆಗೆ ತರಿಸಿದ ವೈನ್ ಪೀಪಾಯಿಗೆ ವ್ಯಾಪಾರಿ ಓರೆಯಾಗಿ ಒಂದು ಕೋಲು ತೂರಿಸಿ ಬೆಲೆ ಕಟ್ಟಿದ್ದನ್ನು ಕಂಡು ತಲೆ ಕೆಡಿಸಿಕೊಂಡು, 1615ರಲ್ಲಿ ಪೀಪಾಯಿಗಳ ಘನಫಲದ ಮೇಲೆ ಒಂದು ಗ್ರಂಥವನ್ನೇ ತಂದರು. ಮದುವೆಯೂಟದ ನಡುವೆ ಲೆಕ್ಕ ಕೆದಕುವ ಬೀಗರು ನಮ್ಮಲ್ಲಷ್ಟೇ ಇಲ್ಲ.

4. ಅನುಮಾನ

ಹೊಗೆಯಿರುವಲ್ಲಿ ಬೆಂಕಿ, ಮುಳ್ಳು ಮೇಲಿದ್ದಲ್ಲಿ ಪೆಟ್ರೋಲು. ಟ್ಯಾಂಕಿನೊಳಗೆ ಬೆಂಡಿನಂತೆ ತೇಲುವ ಫ್ಲೋಟು, ಅದಕ್ಕೆ ಜೋಡಿಸಿದ ವಿದ್ಯುತ್ತಿನ ಒಂದು ರೋಧಕ. ಜನರಲ್ ಮೋಟಾರ್ಸ್ ಸಂಪ್ರದಾಯದಲ್ಲಿ ಸೊನ್ನೆ ಓಮ್ ಎಂದರೆ ಖಾಲಿ, 90 ಎಂದರೆ ಭರ್ತಿ. ಫೋರ್ಡ್ ಸಂಪ್ರದಾಯ ತಿರುಗುಮುರುಗು: ಓಮ್ ಹೆಚ್ಚಿದ್ದರೆ ಖಾಲಿ. ನಮ್ಮ ಟ್ರಕ್ಕಿನ ಹಿಂದಿನ ಯಜಮಾನ ಒಂದರ ಮೀಟರಿಗೆ ಇನ್ನೊಂದರ ಫ್ಲೋಟು ಜೋಡಿಸಿ ಎರಡು ಮತಗಳ ಸಮನ್ವಯ ಸಾಧಿಸಿದ್ದ. ಫಲವಾಗಿ ಪೆಟ್ರೋಲು ಮುಗಿಯುತ್ತ ಬಂದಂತೆ ಮುಳ್ಳು ಮೇಲೇರುತ್ತಿತ್ತು. ಇದು ನಮಗೆ ತಿಳಿದದ್ದು ಆರನೆಯ ಪ್ರಮಾಣದಲ್ಲಿ.

5. ಅರ್ಥಾಪತ್ತಿ

ದೇವದತ್ತ ಹಗಲು ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ. ಹಾಗಾದರೆ ರಾತ್ರಿ ಉಣ್ಣುತ್ತಿರಬೇಕು. ಟ್ಯಾಂಕನ್ನು ಪೂರಾ ಬಸಿದು, ಕ್ಯಾನಿನಲ್ಲಿ ತಂದು, ಕುತ್ತಿಗೆಯವರೆಗೆ ತುಂಬಿಸಿದೆವು. ಹಿಡಿದದ್ದು 20.8 ಗ್ಯಾಲನ್. ಇಪ್ಪತ್ತರ ಹೊಟ್ಟೆಗೆ ಈ ಮುಕ್ಕಾಲು ಚಿಲ್ಲರೆ ಎಲ್ಲಿಂದ ಬಂತು? ಪೆಟ್ರೋಲು ಬಿಸಿಗೆ ಹಿಗ್ಗುತ್ತದೆಂದು ಮೇಲೆ ಒಂದಿಷ್ಟು ಗಾಳಿಗೆ ಜಾಗ ಬಿಟ್ಟು ಲೆಕ್ಕ ಹೇಳಿರುತ್ತಾರೆ. ಅದರ ಮೇಲೆ ಕೊಳವೆಯ ಕುತ್ತಿಗೆ ಬೇರೆ. ದೇವದತ್ತನ ರಾತ್ರಿಯೂಟ ಅಲ್ಲಿ ನಡೆದಿತ್ತು.

ಸಿದ್ಧಾಂತ

ಈಗ ನಮ್ಮವರೇ ಆದ ಮಹಾವೀರಾಚಾರ್ಯರ ಮೊರೆ ಹೊಕ್ಕೆ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅವರು ಬರೆದ 'ಗಣಿತಸಾರಸಂಗ್ರಹ'ದಲ್ಲಿ ತೋಡಿದ ಹಳ್ಳಗಳ ಘನಫಲಕ್ಕೆ ಕರ್ಮಾಂತಿಕ, ಔಂಡ್ರ ಎಂಬ ಎರಡು ಸ್ಥೂಲ ಲೆಕ್ಕಗಳಿವೆ. ಎರಡರ ವ್ಯತ್ಯಾಸದ ಮೂರನೆಯ ಒಂದು ಪಾಲನ್ನು ಮೊದಲನೆಯದಕ್ಕೆ ಕೂಡಿಸಿದರೆ ಸೂಕ್ಷ್ಮಫಲ. ಎಂಥ ಔದಾರ್ಯ! ಎರಡು ತಪ್ಪುಗಳಿಂದ ಒಂದು ಸರಿ. ನಾನು 20.8ರಲ್ಲಿ 16.6 ಕಳೆದೆ, ಉಳಿದ 4.2ನ್ನು ಮೂರರಿಂದ ಭಾಗಿಸಿದೆ, ಬಂದ 1.4ನ್ನು 16.6ಕ್ಕೆ ಕೂಡಿಸಿದೆ. ಸರಿಯಾಗಿ 18! ಮಹಾಭಾರತದ ಪರ್ವಗಳು 18, ಪುರಾಣಗಳು 18, ಅಕ್ಷೋಹಿಣಿಗಳು 18. "ಆಚಾರ್ಯರು ಹೇಳಿದ್ದು ಒಂದೇ ಹಳ್ಳಕ್ಕೆ, ಎರಡು ದೇಶದ ಗ್ಯಾಲನ್ನಿಗಲ್ಲ" ಎಂದು ಷಡ್ಡಕ ಗೊಣಗಿದ. ಆಕ್ಷೇಪಕರು ಯಾವ ಕಾಲಕ್ಕೂ ಇದ್ದದ್ದೇ.

6. ಅನುಪಲಬ್ಧಿ

ಇಲ್ಲ ಎಂಬುದನ್ನು ಇಲ್ಲದಿರುವುದರಿಂದಲೇ ತಿಳಿಯುವುದು. ವಾರ ಕಳೆದು ಭಾನುವಾರ, ಹದಿನೆಂಟು ಗ್ಯಾಲನ್ನಿಗೆ ಎಷ್ಟು ಮೈಲಿ ಎಂದು ಬೆರಳೆಣಿಸಿಕೊಂಡು ಸಂಸಾರ ಸಮೇತ ಹೊರಟೆವು. ದಾರಿಯುದ್ದಕ್ಕೂ ಮುಳ್ಳು ಏರುತ್ತಲೇ ಇತ್ತು. ಟ್ರಕ್ಕು ಬಹಳ ಕಡಿಮೆ ಕುಡಿಯುತ್ತದೆಂದು ಷಡ್ಡಕ ಹಿಗ್ಗಿದ. ಜೋಳದ ಹೊಲಗಳ ನಡುವೆ ಮುಳ್ಳು ಭರ್ತಿಯ ಹತ್ತಿರ ಹೋಗಿ ನಿಂತಿತು. ಟ್ರಕ್ಕೂ ನಿಂತಿತು.

ನಾದಿನಿ ಇಳಿದಳು. ಬಗ್ಗಿ, ಬೆರಳು ಮಡಚಿ, ಹಲಸಿನ ಹಣ್ಣು ನೋಡುವಂತೆ ಟ್ಯಾಂಕಿಗೆ ಮೇಲಿನಿಂದ ಕೆಳಕ್ಕೆ ಗೆಣ್ಣಿನಲ್ಲಿ ಕುಟ್ಟುತ್ತ ಬಂದಳು. ಠಣ್, ಠಣ್, ಠಣ್. ತಳ ಮುಟ್ಟಿದರೂ ಠಣ್.

"ಒಂದು ವಾರದಿಂದ ಎಷ್ಟು ಹಿಡಿಯುತ್ತೆ, ಎಷ್ಟು ಹಿಡಿಯುತ್ತೆ ಅಂತ ಒದ್ದಾಡಿದಿರಲ್ಲ," ಎಂದಳು, "ಒಳಗೆ ಎಷ್ಟಿದೆ ಅಂತ ಒಬ್ಬರಾದರೂ ನೋಡಿದಿರಾ?"

ಹಾಗೆಂದವಳು ಮಡಚಿದ ಬೆರಳು ಬಿಡಿಸದೆ ನನ್ನ ತಲೆಯ ಕಡೆ ಒಮ್ಮೆ ನೋಡಿದಳು. ನಾನು ಎರಡು ಹೆಜ್ಜೆ ಹಿಂದಕ್ಕೆ ಸರಿದು ನಿಂತೆ.