ಸಹಿಗೆ ಸಾಕ್ಷಿ ಯಾರು?

ಸಾವಿರ ಜನ ಅಕ್ಷತೆ ಹಾಕಿ ಹೋಳಿಗೆ ಉಂಡ ಮದುವೆಯನ್ನು, ಅರುಂಧತಿ ನಕ್ಷತ್ರವೇ ಸಾಕ್ಷಿಯಾದರೂ, ಆಮ್‌ಸ್ಟರ್‌ಡ್ಯಾಮ್‌ನ ನಗರಸಭೆ ಒಪ್ಪುವುದಿಲ್ಲ. ಅದಕ್ಕೆ ವಿವಾಹ ನೋಂದಣಿ ಪತ್ರ ಬೇಕು, ಅದರ ಮೇಲೆ ಸಬ್‌ರಿಜಿಸ್ಟ್ರಾರರ ಸಹಿ ಬೇಕು. ಆ ಸಹಿ ಅವರದೇ ಎನ್ನಲು ಸಾಮಾನ್ಯವಾಗಿ ರಾಜ್ಯ ಸರ್ಕಾರದ ಮುದ್ರೆ, ಮುದ್ರೆ ಅಸಲಿ ಎನ್ನಲು ವಿದೇಶಾಂಗ ಸಚಿವಾಲಯದ ಅಪಾಸ್ಟಿಲ್. ಅಪಾಸ್ಟಿಲ್ ಎಂಬ ಈ ಚೌಕಾಕಾರದ ದೃಢೀಕರಣಕ್ಕೆ ಅಂತರರಾಷ್ಟ್ರೀಯ ಒಪ್ಪಂದವೊಂದು ಗೊತ್ತುಮಾಡಿದ ಕಲಂಗಳು ಹತ್ತು: ಯಾವ ದೇಶ, ಯಾರ ಸಹಿ, ಯಾವ ಹುದ್ದೆ, ಯಾರ ಮುದ್ರೆ, ಎಲ್ಲಿ, ಯಾವಾಗ ಇತ್ಯಾದಿ. ವಧೂವರರಿಗೆ ಆ ಹತ್ತರಲ್ಲಿ ಒಂದೂ ಇಲ್ಲ! ಮದುವೆಯ ಕಾಗದದಲ್ಲಿ ಮದುಮಕ್ಕಳಿಗಿಂತ ಅಧಿಕಾರಿಗೇ ಹೆಚ್ಚು ಮರ್ಯಾದೆ.

ನಗು ಬಂದರೂ ಇದರಲ್ಲಿ ವಿವೇಕವಿದೆ. ಆ ಒಪ್ಪಂದವೇ 1961ರ ಅಕ್ಟೋಬರ್ 5ರ ಹೇಗ್ ಒಪ್ಪಂದ; ಭಾರತಕ್ಕೆ ಅನ್ವಯವಾದದ್ದು 2005ರ ಜುಲೈ 14ರಿಂದ. ಇದು ಹೊರದೇಶದ ರಾಯಭಾರ ಕಚೇರಿಗೆ ಅಲೆಯುವುದನ್ನು ತಪ್ಪಿಸಿತು. ಮದುವೆಯ ಗುಣದೋಷಕ್ಕೆ ಮಾತ್ರ ಕೈಹಾಕಲಿಲ್ಲ. ಶಿರಸಿಯಲ್ಲಿ ಸಪ್ತಪದಿ ಸರಿಯಾಗಿ ನಡೆಯಿತೇ ಎಂದು ಡಚ್ ಗುಮಾಸ್ತ ತೀರ್ಪು ಕೊಡಲು ಹೊರಟರೆ ಗತಿಯೇನು? ಹಾಗೆಯೇ ಲಾಸ್ ವೇಗಸ್‌ನಲ್ಲಿ ಎಲ್ವಿಸ್ ವೇಷಧಾರಿಯ ಮುಂದೆ ಮದುವೆಯಾದವರ ಕಾಗದಕ್ಕೂ ನೆವಾಡಾ ರಾಜ್ಯದ ಅಪಾಸ್ಟಿಲ್ ಸಿಗುತ್ತದೆ. ಅದನ್ನು ನೋಡುವ ನಮ್ಮ ಅಧಿಕಾರಿ ಎಲ್ವಿಸ್‌ನ ಪೌರೋಹಿತ್ಯವನ್ನು ವಿಚಾರಿಸಬೇಕಿಲ್ಲ. ಮದುವೆ ಸಿಂಧುವೇ ಎಂಬುದನ್ನು ಆಯಾ ದೇಶದ ಕಾನೂನು ನೋಡಿಕೊಳ್ಳುತ್ತದೆ.

ಲಗ್ನಪತ್ರಿಕೆ, ಆಲ್ಬಮ್, ಡ್ರೋನ್ ವಿಡಿಯೋ ಇಷ್ಟೆಲ್ಲ ಇರುವಾಗ ಸಹಿಯ ಮೇಲೆ ಸಹಿ ಯಾಕೆ ಎಂದು ಕೇಳಬಹುದು. ಹಾರ ಹಾಕಿದ ಫೋಟೋವೇ ಪುರಾವೆಯಾದರೆ ನಮ್ಮ ಸಿನಿಮಾ ನಾಯಕರೆಲ್ಲರ ಮೇಲೂ ಬಹುಪತ್ನಿತ್ವದ ಕೇಸು ಬಿದ್ದೀತು. ಮೂಲ ಪತ್ರವೇ ಸುಳ್ಳಾದರೆ ಅಪಾಸ್ಟಿಲ್ ಸುಳ್ಳಿಗೆ ಜರತಾರಿ ಹಚ್ಚಿದಂತಲ್ಲವೇ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಒಪ್ಪಂದಕ್ಕೂ ಅದು ಗೊತ್ತು. ಹೊಸದಾಗಿ ಸೇರುವ ದೇಶವನ್ನು ಒಪ್ಪದೆ ಹೊರಗಿಡಲು ಹಳೆಯ ಸದಸ್ಯರಿಗೆ ಅವಕಾಶ ಕೊಟ್ಟಿದೆ. ಜರ್ಮನಿ ಭಾರತದ ಸೇರ್ಪಡೆಗೆ ಆಕ್ಷೇಪ ಎತ್ತಿ, ನಮ್ಮ ಕಾಗದಗಳನ್ನು ತಾನೇ ಪರಿಶೀಲಿಸುವ ದಾರಿ ಹಿಡಿದದ್ದು ಹೀಗೆ. ನಂಬಿಕೆಗೂ ಮಿತಿಯಿದೆ ಎಂದರೆ ವ್ಯವಸ್ಥೆ ಕೆಟ್ಟಿದೆ ಎಂದಲ್ಲ.

ಆದ್ದರಿಂದ ಬೈಗುಳವನ್ನು ಅಪಾಸ್ಟಿಲ್‌ಗೆ ಮೀಸಲಿಡುವ ಬದಲು ಗಮನವನ್ನು ಅದರ ಕೆಳಗಿನ ಕಾಗದಕ್ಕೆ ಕೊಡುವುದು ಲೇಸು. ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ಮೇಲಿನ ಮುದ್ರೆ ಅದನ್ನು ತಿದ್ದುವುದಿಲ್ಲ. ಛತ್ರ ಗೊತ್ತುಮಾಡುವಾಗಲೇ ನೋಂದಣಿಯ ದಿನವನ್ನೂ ಗೊತ್ತುಮಾಡಿ. ಪಾಸ್‌ಪೋರ್ಟಿನಲ್ಲಿರುವ ಸ್ಪೆಲ್ಲಿಂಗನ್ನೇ ಅಲ್ಲೂ ಬರೆಸಿ.