ಬಂಧುಪರೀಕ್ಷಾ ಮೀಮಾಂಸೆ

ಅಥಾತೋ ಬಂಧುಜಿಜ್ಞಾಸಾ. ಮಗುವನ್ನು ಶಾಲೆಗೆ ಸೇರಿಸದೆ ಮನೆಯಲ್ಲೇ ಕಲಿಸುವುದೆಂದು ಗಂಡಹೆಂಡತಿ ನಿಶ್ಚಯಿಸಿ, "ಯಾರಿಗೂ ಹೇಳ್ಬೇಡಿ" ಎಂದು ಚಿಕ್ಕಮ್ಮನಿಗೆ ಹೇಳಿದ ಮಾರನೆಯ ದಿನದಿಂದ ಈ ಶಾಸ್ತ್ರದ ಅಗತ್ಯ ಹುಟ್ಟುತ್ತದೆ. ಶಾಸ್ತ್ರಗ್ರಂಥವೆಂದ ಮೇಲೆ ನಾಲ್ಕು ಅನುಬಂಧಗಳಿರಬೇಕು. ವಿಷಯ: ಹೋಮ್‌ಸ್ಕೂಲಿಂಗ್ ಕುರಿತ ಆಕ್ಷೇಪ. ಪ್ರಯೋಜನ: ಮಾನರಕ್ಷಣೆ. ಅಧಿಕಾರಿ: ಮದುವೆ ಮುಂಜಿಗಳಿಗೆ ಹೋಗದೆ ವಿಧಿಯಿಲ್ಲದ ತಂದೆತಾಯಿ. ಸಂಬಂಧ: ಗಂಡನ ಕಡೆಯದು, ಹೆಂಡತಿಯ ಕಡೆಯದು, ಎರಡೂ.

1. ಆಕ್ಷೇಪಕ ಪ್ರಭೇದ

ಆಕ್ಷೇಪಕರು ನಾಲ್ಕು ವಿಧ: ಕಾರುಣಿಕರು, ನೈಯಾಯಿಕರು, ಗಣಿತಜ್ಞರು, ದೈವಜ್ಞರು.

ಕಾರುಣಿಕರು ಮಗುವಿನ ಗಲ್ಲ ಹಿಡಿದು "ಅಯ್ಯೋ ಪಾಪ, ದಿನವೆಲ್ಲಾ ಮನೇಲೇನಾ ಪುಟ್ಟಾ?" ಎನ್ನುತ್ತಾರೆ. ಬೆಳಗಿನಿಂದ ಕೆರೆದಂಡೆಯಲ್ಲಿ ಏಡಿ ಹುಡುಕಿ ಬಂದ ಮಗುವಿಗೆ ಪ್ರಶ್ನೆಯೇ ಅರ್ಥವಾಗುವುದಿಲ್ಲ. ನೈಯಾಯಿಕರು ಬಹುಪಾಲು ನಿವೃತ್ತರು, "ಇದು ಕಾನೂನಿಗೆ ವಿರುದ್ಧ ಅಲ್ವೇನ್ರೀ?" ಎಂದು ದನಿ ತಗ್ಗಿಸುತ್ತಾರೆ. ಗಣಿತಜ್ಞರು ನಮಸ್ಕಾರಕ್ಕೂ ಮೊದಲೇ "ಹದಿಮೂರೆಂಟ್ಲೆ ಎಷ್ಟು ಹೇಳು?" ಎನ್ನುತ್ತಾರೆ. ಉತ್ತರ ಬಂದ ಮೇಲೆ ಅದು ಸರಿಯೋ ತಪ್ಪೋ ನೋಡಲು ಮೊಬೈಲ್ ತೆಗೆಯುತ್ತಾರೆ. ದೈವಜ್ಞರ ಚಿಂತೆ ದೂರದ್ದು: "ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿಲ್ದೆ ನಾಳೆ ಇವಳಿಗೆ ಯಾರು ಕೆಲಸ ಕೊಡ್ತಾರೆ?" ಇವಳಿಗೆ ಈಗ ಏಳು ವರ್ಷ.

2. ನೈಯಾಯಿಕ ದೈವಜ್ಞ ಖಂಡನ

ನೈಯಾಯಿಕರ ವಾದಕ್ಕೆ ಆಧಾರ 2009ರ ಶಿಕ್ಷಣ ಹಕ್ಕು ಕಾಯ್ದೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಈ ಕಾಯ್ದೆ 6ರಿಂದ 14 ವರ್ಷದ ಮಕ್ಕಳದ್ದು. ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಹೆತ್ತವರ ಕರ್ತವ್ಯ ಎಂದು ಅದರ 10ನೇ ಸೆಕ್ಷನ್ ಹೇಳುತ್ತದೆ. ಸೇರಿಸದಿದ್ದರೆ ಹೆತ್ತವರಿಗೆ ಏನು ಶಿಕ್ಷೆ ಎಂಬುದನ್ನು ಕಾಯ್ದೆ ಹೇಳುವುದಿಲ್ಲ. ಮನೆಯಲ್ಲಿ ಕಲಿಸಿ ಎಂದೂ ಇಲ್ಲ, ಕಲಿಸಬಾರದೆಂದೂ ಇಲ್ಲ. ಹೀಗೆ ನಮ್ಮ ಗೃಹಶಿಕ್ಷಣ ತ್ರಿಶಂಕುವಿನಂತೆ ನಡುವೆ ನೇತಾಡುತ್ತಿದೆ. ಕಾಯ್ದೆ ಬಿಟ್ಟ ಈ ಶಿಕ್ಷೆಯ ಜಾಗವನ್ನು ಬಂಧುಗಳು ತುಂಬುತ್ತಾರೆಂದು ಗ್ರಹಿಸಬೇಕು.

ಅದೇ ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಪಾಠ ನಡೆದರೆ ಸಾಕು. ದಿನಕ್ಕೆ ನಾಲ್ಕು ಗಂಟೆಯಾಯಿತು. ಮಿಕ್ಕ 165 ದಿನ ಶಾಲೆಯ ಮಗುವೂ ಮನೆಯಲ್ಲಿದ್ದರೆ ಕಾನೂನಿನ ತಕರಾರಿಲ್ಲ. ಆ ದಿನಗಳಲ್ಲಿ ಅದರ ಬುದ್ಧಿ ಮೊಂಡಾದೀತೆಂದು ಯಾವ ನೈಯಾಯಿಕರೂ ದನಿ ತಗ್ಗಿಸಿದ್ದಿಲ್ಲ.

ದೈವಜ್ಞರಿಗೆ ಉತ್ತರ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ. 1989ರಲ್ಲಿ ಹುಟ್ಟಿದ ಈ ಸಂಸ್ಥೆಯಲ್ಲಿ 14 ತುಂಬಿದವರು ಹತ್ತನೇ ತರಗತಿಗೆ ಹೆಸರು ನೋಂದಾಯಿಸಬಹುದು. ಪಾಸಾಗಲು ಐದು ವರ್ಷದೊಳಗೆ ಒಂಬತ್ತು ಅವಕಾಶ. ಇಷ್ಟನ್ನು ವಿವರಿಸುವಷ್ಟರಲ್ಲಿ ದೈವಜ್ಞರು ಎರಡನೇ ಪಂಕ್ತಿಗೆ ಜಾಗ ಹಿಡಿಯಲು ಎದ್ದಿರುತ್ತಾರೆ.

3. ಬೆರೆಯುವಿಕೆ ಎಂಬ ಮಹಾಪೂರ್ವಪಕ್ಷ

ನಾಲ್ವರೂ ಕೊನೆಗೆ ಒಂದಾಗುವುದು ಇಲ್ಲಿ: "ಅದೆಲ್ಲಾ ಸರಿ, ನಾಲ್ಕು ಜನರ ಜೊತೆ ಬೆರೆಯೋದು ಕಲೀಬೇಕಲ್ಲ?" ಹೇಳುವವರು ಅಷ್ಟು ಹೊತ್ತೂ ಆ ಮಗುವನ್ನು ಬಿಟ್ಟು ಅದರ ತಲೆಯ ಮೇಲಿಂದಲೇ ಮಾತಾಡುತ್ತಿರುತ್ತಾರೆ.

ಶಾಲೆಯಲ್ಲಿ ಬೆರೆಯುವಿಕೆಯ ಬೋಧನಾಕ್ರಮವನ್ನು ಪರಿಶೀಲಿಸೋಣ. ಒಂದೇ ವಯಸ್ಸಿನವರನ್ನು ಒಂದೇ ಕೋಣೆಯಲ್ಲಿ ಕೂರಿಸುತ್ತಾರೆ. "ಬಾಯ್ಮೇಲೆ ಬೆರಳು" ಎನ್ನುತ್ತಾರೆ. ಮೇಷ್ಟ್ರು ಹೊರಗೆ ಹೋದರೆ ಮಾನಿಟರ್ ಎದ್ದು, ಪಕ್ಕದವರೊಡನೆ ಬೆರೆತವರ ಹೆಸರನ್ನು ಬೋರ್ಡಿನ ಮೇಲೆ ಬರೆಯುತ್ತಾನೆ. ಮತ್ತೂ ಬೆರೆತರೆ ಹೆಸರಿನ ಮುಂದೆ ಇಂಟು ಮಾರ್ಕು ಬೀಳುತ್ತದೆ. ಹೀಗಾಗಿ ಶಾಲೆಯಲ್ಲಿ ಬೆರೆಯುವಿಕೆ ನಡೆಯುವುದು ನಿಜವಾದರೂ, ಅದು ಶಾಲೆಯ ಕಣ್ಣು ತಪ್ಪಿಸಿ ನಡೆಯುತ್ತದೆ ಎಂಬುದು ನಮ್ಮ ಮತ.

4. ಪ್ರಮಾಣ ವಿಚಾರ

ಗೃಹಶಿಕ್ಷಣವಾದಿಗಳಿಗೆ ಇರುವ ಶಬ್ದಪ್ರಮಾಣ ರವೀಂದ್ರನಾಥ ಟ್ಯಾಗೋರ್. ಅವರು ಶಾಲೆಗೆ ಒಗ್ಗದೆ ಮನೆಯಲ್ಲೇ ಹೆಚ್ಚು ಕಲಿತವರು. 1913ರಲ್ಲಿ ನೊಬೆಲ್ ಪಡೆದವರು. ಇಷ್ಟು ಹೇಳಿ ವಾದಿಗಳು ಥಟ್ಟನೆ ನಿಲ್ಲಿಸುತ್ತಾರೆ. ಏಕೆಂದರೆ ಅದೇ ಟ್ಯಾಗೋರರು 1901ರಲ್ಲಿ ಶಾಂತಿನಿಕೇತನದಲ್ಲಿ ತಾವೇ ಒಂದು ಶಾಲೆ ತೆರೆದರು. ಜೊತೆಗೆ ಟ್ಯಾಗೋರರ ಮನೆಗೆ ಪಾಠ ಹೇಳಲು ಮೇಷ್ಟ್ರುಗಳ ಸಾಲೇ ಬರುತ್ತಿತ್ತು. ನಮ್ಮ ಮನೆಗಳಿಗೆ ಬರುವುದು ಕೊರಿಯರ್‌ನವನು ಮಾತ್ರ.

5. ಅನುಕ್ತ ಪೂರ್ವಪಕ್ಷ

ಗೃಹಶಿಕ್ಷಣಕ್ಕೆ ನಿಜವಾಗಿ ಗಾಯ ಮಾಡಬಲ್ಲ ಆಕ್ಷೇಪವೊಂದಿದೆ. ಬೀಡಿ ಸುತ್ತುವ, ದನ ಕಾಯುವ, ತಮ್ಮನನ್ನು ಕಂಕುಳಲ್ಲಿ ಹೊತ್ತ ಹುಡುಗಿಗೆ ಮನೆಯಿಂದ ಹೊರಗೆ ಕಾಲಿಡಲು ಇರುವ ಬಾಗಿಲು ಶಾಲೆಯೊಂದೇ. ಕಾಯ್ದೆ ಹುಟ್ಟಿದ್ದು ಅವಳಿಗಾಗಿ. ಮನೆಯೇ ಪಾಠಶಾಲೆ ಎಂಬುದು ಪುಸ್ತಕ, ಬಿಡುವು ಎರಡೂ ಇರುವವರ ಮಾತು. ಆ ಬಿಡುವು ಕೂಡ ಹೆಚ್ಚಿನ ಮನೆಗಳಲ್ಲಿ ತಾಯಿ ಬಿಟ್ಟ ನೌಕರಿಯಿಂದ ಬಂದದ್ದು. ಇದನ್ನು ಕೇಳಿದ್ದರೆ ನಾವು ತಡವರಿಸುತ್ತಿದ್ದೆವು. ಯಾವ ಛತ್ರದಲ್ಲೂ, ಯಾವ ಪಂಕ್ತಿಯಲ್ಲೂ ಇದನ್ನು ಯಾರೂ ಕೇಳಲಿಲ್ಲ. ಕೇಳಿದ್ದು ಹದಿಮೂರೆಂಟ್ಲೆ ಮಾತ್ರ.

6. ಸಿದ್ಧಾಂತ

ಎಂಟನೇ ತರಗತಿ ಮುಗಿಯುವ ತನಕ ಯಾವ ಮಗುವೂ ಬೋರ್ಡ್ ಪರೀಕ್ಷೆ ಪಾಸು ಮಾಡಬೇಕಾಗಿಲ್ಲ ಎಂದು ಕಾಯ್ದೆಯ 30ನೇ ಸೆಕ್ಷನ್ ಅಭಯ ನೀಡುತ್ತದೆ. ಬಂಧುಬಳಗದ ಬೋರ್ಡಿಗೆ ಈ ಸೆಕ್ಷನ್ ಅನ್ವಯಿಸುವುದಿಲ್ಲ. ಶಾಲೆಯ ಮಗುವಿಗೆ ಪರೀಕ್ಷೆಯ ಬಳಿಕ ಬೇಸಿಗೆ ರಜೆ ಬರುತ್ತದೆ. ಮನೆಯಲ್ಲಿ ಕಲಿಯುವ ಮಗುವಿಗೆ ಬೇಸಿಗೆಯೆಂದರೆ ಮದುವೆ ಸೀಸನ್, ಅಂದರೆ ಪರೀಕ್ಷೆಯ ಕಾಲ.

ಇದರಲ್ಲಿ ಆಕ್ಷೇಪಕರ ಪಾಲು ಅರ್ಧ. "ನಮ್ಮಲ್ಲಿ ಪರೀಕ್ಷೆ ಅನ್ನೋದೇ ಇಲ್ಲ ನೋಡಿ" ಎಂದು ಸಾರುವ ತಂದೆಯೇ ಮರುಕ್ಷಣ "ಪುಟ್ಟೀ, ಮಾವಂಗೆ ಶನಿಗ್ರಹದ ಉಂಗುರದ ಬಗ್ಗೆ ಹೇಳಮ್ಮಾ" ಎಂದು ಮಗಳನ್ನು ಮುಂದೆ ತಳ್ಳುತ್ತಾನೆ. ಮಗು ತಪ್ಪಿಲ್ಲದೆ ಒಪ್ಪಿಸಿದರೆ ತಂದೆ ಪಾಸು.

ಆದ್ದರಿಂದ ವಿಧಿವಾಕ್ಯ: ಪ್ರಶ್ನೆ ಹೆತ್ತವರ ತೀರ್ಮಾನದ ಮೇಲಿನದು; ಉತ್ತರಪತ್ರಿಕೆ ಬರೆಯಬೇಕಾದವರೂ ಅವರೇ. ಮಗ್ಗಿ ಕೇಳಿದರೆ ತಂದೆ ಹೇಳತಕ್ಕದ್ದು. ತಪ್ಪಿದರೆ ತಂದೆಯೇ ಫೇಲಾಗತಕ್ಕದ್ದು.

ಫಲಶ್ರುತಿ

ಲಗ್ನಪತ್ರಿಕೆ ಬಂದ ದಿನದಿಂದ ಬೀಗರೂಟದ ತನಕ ಇದನ್ನು ತ್ರಿಕಾಲ ಪಠಿಸುವ ದಂಪತಿಗೆ "ಹೌದಾ, ಯೋಚನೆ ಮಾಡ್ತೀವಿ" ಎಂದು ನಗುತ್ತಾ ಹೇಳುವ ಶಕ್ತಿ ಪ್ರಾಪ್ತವಾಗುತ್ತದೆ. ಒಮ್ಮೆ ಕೇಳಿದ ಆಕ್ಷೇಪಕರಿಗೆ ತಮ್ಮ ಮಕ್ಕಳ ಡೊನೇಷನ್ ರಸೀತಿ ನೆನಪಾಗಿ ಕ್ಷಣಕಾಲ ಮೌನ ಲಭಿಸುತ್ತದೆ. ಪಠಿಸದೆ, ಕೇಳದೆ ಆಟಕ್ಕೆ ಓಡಿಹೋದ ಮಗುವಿಗೆ ಮಾತ್ರ ಪೂರ್ಣಫಲ.